ಕಿಕ್ ಕೆಳಗೋ, ಬೇಸ್ ಕೆಳಗೋ?

ಮನೆಯಲ್ಲೇ ಹಾಡು ರೆಕಾರ್ಡ್ ಮಾಡಿ, ಮನೆಯಲ್ಲೇ ಮಿಕ್ಸ್ ಮಾಡುವವರ ದೂರುಗಳಲ್ಲಿ ಬಹುಪಾಲು ಕೊನೆಗೆ ಒಂದೇ ಜಾಗಕ್ಕೆ ಬಂದು ನಿಲ್ಲುತ್ತವೆ. ಹೆಡ್‌ಫೋನಿನಲ್ಲಿ ಚೆನ್ನಾಗಿದ್ದ ಹಾಡನ್ನು ಕಾರಿನಲ್ಲಿ ಹಾಕಿದರೆ ಬಾಗಿಲು ಗುಂಯ್‌ಗುಡುತ್ತದೆ. ಫೋನಿನಲ್ಲಿ ಹಾಕಿದರೆ ಬೇಸ್ ಗಿಟಾರ್ ನುಡಿಸಿದ್ದರು ಅನ್ನುವುದಕ್ಕೆ ಗುರುತೇ ಇರುವುದಿಲ್ಲ. ಡ್ರಮ್ ಒಂದನ್ನೇ ಕೇಳಿದರೆ ಗಟ್ಟಿ, ಬೇಸ್ ಒಂದನ್ನೇ ಕೇಳಿದರೆ ತುಂಬು ನಾದ, ಎರಡನ್ನೂ ಸೇರಿಸಿದರೆ ಮುದ್ದೆ. ಆಗ ಕೈ ಹೋಗುವುದು ಈಕ್ಯೂ (ಈಕ್ವಲೈಸರ್) ಕಡೆಗೆ. ಕಾಲಿನಿಂದ ಬಡಿಯುವ ದೊಡ್ಡ ಡ್ರಮ್ಮಾದ ಕಿಕ್ ಕೇಳುತ್ತಿಲ್ಲವೆಂದು ಅದರ ತಳ ಏರಿಸುವುದು, ಅದರಿಂದ ಬೇಸ್ ಮುಚ್ಚಿಹೋಯಿತೆಂದು ಬೇಸಿನದನ್ನೂ ಏರಿಸುವುದು. ಸ್ವಲ್ಪ ಹೊತ್ತಿನಲ್ಲಿ ಎರಡೂ ಮೀಟರುಗಳು ಕೆಂಪು ಮುಟ್ಟಿರುತ್ತವೆ, ಮುದ್ದೆ ಮಾತ್ರ ಕರಗಿರುವುದಿಲ್ಲ.

ಈ ಹಾಡಿನಲ್ಲಿ ಎಲ್ಲಕ್ಕಿಂತ ಕೆಳಗೆ ಕೂರುವುದು ಕಿಕ್ಕೋ ಬೇಸೋ ಎಂದು ಯಾರೂ ತೀರ್ಮಾನಿಸದೆ ಇರುವುದೇ ಇದರ ಮೂಲ. ಆ ತೀರ್ಮಾನ ಆಗುವ ತನಕ ಯಾವ ಗುಂಡಿ ತಿರುಗಿಸಿದರೂ ಅಷ್ಟೆ. ಆದ ಮೇಲೆ ಬೇಕಾಗುವ ಈಕ್ಯೂ ಸಾಮಾನ್ಯವಾಗಿ ಎರಡು ಮೂರು ಡೆಸಿಬಲ್‌ಗಳಷ್ಟು.

ಎರಡು ಸ್ಥಾಯಿಯೊಳಗಿನ ನೂಕುನುಗ್ಗಲು

ನಾಲ್ಕು ತಂತಿಯ ಬೇಸ್ ಗಿಟಾರಿನಲ್ಲಿ ಅತಿ ದಪ್ಪನೆಯ ಇ ತಂತಿಯನ್ನು ಬೆರಳೊತ್ತದೆ ಮೀಟಿದರೆ ಅದು ಸೆಕೆಂಡಿಗೆ ಸುಮಾರು 41 ಸಲ ಕಂಪಿಸುತ್ತದೆ, ಅಂದರೆ 41 ಹರ್ಟ್ಸ್. ಅದರ ಪಕ್ಕದ ಎ ತಂತಿ 55, ಡಿ ತಂತಿ 73, ಜಿ ತಂತಿ 98. ಐದು ತಂತಿಯ ಗಿಟಾರಾದರೆ ಕೆಳಗಿನ ಬಿ ತಂತಿ 31ಕ್ಕೆ ಇಳಿಯುತ್ತದೆ. ಇತ್ತ ಕಿಕ್ ಡ್ರಮ್ಮಿನ ಮೂಲ ಕಂಪನ ಅದರ ಗಾತ್ರವನ್ನೂ ಹೊದಿಕೆಯ ಬಿಗಿಯನ್ನೂ ಅವಲಂಬಿಸಿ ಸಾಮಾನ್ಯವಾಗಿ 50ರಿಂದ 80 ಹರ್ಟ್ಸ್ ನಡುವೆ ಬೀಳುತ್ತದೆ. ಮನುಷ್ಯನ ಕಿವಿಗೆ ದಕ್ಕುವ ಹರವು 20ರಿಂದ 20,000 ಹರ್ಟ್ಸ್, ಸುಮಾರು ಹತ್ತು ಸ್ಥಾಯಿ. ಅಷ್ಟು ದೊಡ್ಡ ಬಯಲಿನಲ್ಲಿ 40ರಿಂದ 160ರವರೆಗಿನ ಎರಡೇ ಸ್ಥಾಯಿಗಳೊಳಗೆ ಇವೆರಡೂ ಬಂದು ಕೂರುತ್ತವೆ.

ಹತ್ತಿರದ ಆವರ್ತನಗಳಲ್ಲಿ ಎರಡು ನಾದಗಳು ಒಟ್ಟಿಗೆ ಬಂದಾಗ ಜೋರಾದದ್ದು ಮೆತ್ತಗಿನದನ್ನು ಮುಚ್ಚಿಹಾಕುತ್ತದೆ. ಕೆಳಗಿನ ನಾದ ತನಗಿಂತ ಮೇಲಿನದನ್ನು ಮುಚ್ಚುವಷ್ಟು ಸುಲಭವಾಗಿ ಮೇಲಿನದು ಕೆಳಗಿನದನ್ನು ಮುಚ್ಚಲಾರದು. ಕಿಕ್‌ನ ಬಾಲ ಉದ್ದವಾಗಿದ್ದಾಗ ಬೇಸಿನ ಸ್ವರ ಮಸುಕಾಗುವುದು, ಬೇಸ್ ಒಂದೇ ಸಮನೆ ಹರಡಿಕೊಂಡಾಗ ಕಿಕ್‌ನ ಏಟು ಸತ್ತುಹೋಗುವುದು ಇದರಿಂದಲೇ.

ಇಬ್ಬರ ಸ್ವಭಾವ ಮಾತ್ರ ಬೇರೆ ಬೇರೆ. ತಂತಿಯ ನಾದದಲ್ಲಿ ಮೂಲದ ಮೇಲೆ ಅದರ ಎರಡರಷ್ಟು, ಮೂರರಷ್ಟು, ನಾಲ್ಕರಷ್ಟು ಆವರ್ತನಗಳು ಏಣಿಯಂತೆ ಏರುತ್ತವೆ: 41, 82, 123, 164. ಈ ಮೆಟ್ಟಿಲುಗಳಲ್ಲಿ ತಳದ ಒಂದು ಕಾಣೆಯಾದರೂ ಉಳಿದವನ್ನು ಕೇಳಿ ಮಿದುಳು ಸ್ವರವನ್ನು ತಾನೇ ಊಹಿಸಿಕೊಳ್ಳುತ್ತದೆ. ಸಾದಾ ಹೊದಿಕೆಯ ಚರ್ಮವಾದ್ಯದಲ್ಲಿ ಅಂಥ ಅಂದವಾದ ಲೆಕ್ಕವಿಲ್ಲ. ದುಂಡನೆಯ ಪೊರೆಯ ಮೇಲಿನ ಕಂಪನಗಳು ಮೂಲದ 1.59 ಪಟ್ಟು, 2.14 ಪಟ್ಟು, 2.30 ಪಟ್ಟು ಎಂಬಂಥ ಒಡಕು ಲೆಕ್ಕದಲ್ಲಿ ಬರುತ್ತವೆ. ಆದ್ದರಿಂದ ಕಿಕ್‌ಗೆ 'ಧಬ್' ಇದೆ, ಖಚಿತವಾದ ಸ್ವರವಿಲ್ಲ. ನಮ್ಮ ಮೃದಂಗ, ತಬಲಾಗಳ ಬಲಮುಖ ಈ ನಿಯಮಕ್ಕೆ ಹೊರತು. ನಡುವೆ ಮೆತ್ತಿದ ಕರಣೆಯ ತೂಕ ಆ ಒಡಕು ಲೆಕ್ಕವನ್ನು ಹೆಚ್ಚುಕಡಿಮೆ 1, 2, 3ಕ್ಕೆ ತಂದು ಕೂರಿಸುತ್ತದೆ. ಇದನ್ನು ಮೊದಲು ವಿವರಿಸಿದವರು ಸಿ. ವಿ. ರಾಮನ್, 1920ರಲ್ಲಿ 'ನೇಚರ್' ಪತ್ರಿಕೆಗೆ ಬರೆದ ಚಿಕ್ಕ ಟಿಪ್ಪಣಿಯಲ್ಲಿ, ಬೆಂಗಳೂರಿಗೆ ಬಂದ ಮೇಲೆ ಮತ್ತೆ 1934ರಲ್ಲಿ ಇಂಡಿಯನ್ ಅಕಾಡೆಮಿ ಆಫ್ ಸೈನ್ಸಸ್‌ನ ಪತ್ರಿಕೆಯಲ್ಲಿ ವಿಸ್ತಾರವಾಗಿ. ಮೃದಂಗವನ್ನು ಗಾಯಕರ ಶ್ರುತಿಗೆ ಸೇರಿಸಿಕೊಳ್ಳಲು ಆಗುವುದು ಈ ಕರಣೆಯಿಂದ.

ಮಿಕ್ಸ್ ಮಾಡುವವರಿಗೆ ಇದರಿಂದ ಬರುವ ಪಾಠ ಇಷ್ಟು: ಕಿಕ್ ಪ್ರತಿ ಸಲವೂ ಒಂದೇ ಜಾಗದಲ್ಲಿ ಬೀಳುತ್ತದೆ, ಬೇಸ್ ಸ್ವರದಿಂದ ಸ್ವರಕ್ಕೆ ನಡೆಯುತ್ತದೆ. ಕಿಕ್‌ನ ಮೇಲೆ ಕಿರಿದಾದ ಈಕ್ಯೂ ನಡೆಯುತ್ತದೆ. ಬೇಸಿನ ಮೇಲೆ ಅದೇ ಕಿರಿದಾದ ಈಕ್ಯೂ ಹಾಕಿದರೆ ಒಂದು ಸ್ವರ ಎದ್ದು ಕೂಗುತ್ತದೆ, ಪಕ್ಕದ್ದು ಕಳೆದುಹೋಗುತ್ತದೆ.

ಕೋಣೆಯನ್ನು ನಂಬುವ ಮುಂಚೆ

ಹತ್ತು ಅಡಿಗೆ ಹನ್ನೆರಡು ಅಡಿಯ ಮಲಗುವ ಕೋಣೆಯೇ ಸ್ಟುಡಿಯೋ ಆಗಿರುವವರು ಇದನ್ನು ಓದಲೇಬೇಕು. ಶಬ್ದ ಸೆಕೆಂಡಿಗೆ ಸುಮಾರು 343 ಮೀಟರ್ ಓಡುತ್ತದೆ. ಎದುರುಬದುರು ಗೋಡೆಗಳ ನಡುವೆ ಅರ್ಧ ತರಂಗ ಸರಿಯಾಗಿ ಹಿಡಿಸುವ ಆವರ್ತನದಲ್ಲಿ ಕೋಣೆ ತಾನೇ ಮೊಳಗುತ್ತದೆ. ಹತ್ತು ಅಡಿಗೆ ಅದು 56 ಹರ್ಟ್ಸ್, ಹನ್ನೆರಡು ಅಡಿಗೆ 47. ಚಾವಣಿಯೂ ಹತ್ತು ಅಡಿ ಎತ್ತರದಲ್ಲಿದ್ದರೆ 56ರ ಮೊಳಗು ಇಮ್ಮಡಿ. ಬೇಸಿನ ಎ ತಂತಿ 55 ಹರ್ಟ್ಸ್ ಎಂಬುದು ನೆನಪಿರಲಿ. ಆ ಕೋಣೆಯ ಮೂಲೆಯಲ್ಲಿ ನಿಂತರೆ ಎ ಸ್ವರ ಗೋಡೆ ನಡುಗಿಸುತ್ತದೆ. ಎರಡು ಗೋಡೆಗಳಿಗೆ ಸರಿಯಾಗಿ ನಡುವೆ ಕುರ್ಚಿ ಹಾಕಿಕೊಂಡು ಕೂತರೆ ಅದೇ ಸ್ವರ ಮಾಯ, ಏಕೆಂದರೆ ಮೊಳಗಿನ ಒತ್ತಡ ಕನಿಷ್ಠವಾಗುವುದು ಆ ನಡುವಿನಲ್ಲೇ. ಅಲ್ಲಿ ಕೂತವರು 55ರಲ್ಲಿ ಆರು ಡೆಸಿಬಲ್ ಏರಿಸಿ ಈಗ ಸರಿಯಾಯಿತು ಅಂದುಕೊಳ್ಳುತ್ತಾರೆ. ಆ ಆರು ಡೆಸಿಬಲ್ ಹಾಡಿನ ಜೊತೆಗೇ ಕಾರಿಗೆ ಹೋಗುತ್ತದೆ.

ಕುರ್ಚಿಯನ್ನು ಒಂದೆರಡು ಅಡಿ ಹಿಂದೆ ಮುಂದೆ ಸರಿಸಿ ಕೇಳುವುದಕ್ಕೆ ಖರ್ಚಿಲ್ಲ. ಮೂಲೆಗಳಲ್ಲಿ ದಪ್ಪನೆಯ ಹತ್ತಿಯ ಹಾಸಿಗೆ ನಿಲ್ಲಿಸಿದರೆ ಕೋಣೆಯ ಗಡಸು ಸ್ವಲ್ಪ ತಗ್ಗುತ್ತದೆ. ಆದರೆ 50 ಹರ್ಟ್ಸ್‌ನ ತರಂಗದ ಉದ್ದ ಏಳು ಮೀಟರಿಗೆ ಹತ್ತಿರ, ಗೋಡೆಗೆ ಅಂಟಿಸಿದ ಒಂದಿಂಚಿನ ಫೋಮ್ ಅದನ್ನು ಮುಟ್ಟುವುದೂ ಇಲ್ಲ. ಫೋಮಿಗೆ ಕೊಡುವ ಹಣದಲ್ಲಿ ಒಂದು ಒಳ್ಳೆಯ ಹೆಡ್‌ಫೋನ್ ಕೊಂಡು, ತಳದ ತೀರ್ಮಾನಗಳನ್ನು ಅದರಲ್ಲೂ ಒಮ್ಮೆ ಪರೀಕ್ಷಿಸುವುದು ಮೇಲು ಎಂದು ನನ್ನ ಅಭಿಪ್ರಾಯ.

ಕೇಳುವ ಜೋರೂ ಮುಖ್ಯ. ಬೆಲ್ ಪ್ರಯೋಗಾಲಯದ ಫ್ಲೆಚರ್ ಮತ್ತು ಮನ್ಸನ್ 1933ರಲ್ಲಿ ಪ್ರಕಟಿಸಿದ ಅಳತೆಗಳು ಇವತ್ತಿಗೂ ಈ ಕೆಲಸದವರ ಬಾಯಲ್ಲಿವೆ. ಶಬ್ದ ಮೆತ್ತಗಿದ್ದಾಗ ನಮ್ಮ ಕಿವಿ ತಳದ ಆವರ್ತನಗಳಿಗೆ ಮಂದವಾಗಿರುತ್ತದೆ. 1,000 ಹರ್ಟ್ಸ್‌ನ 40 ಡೆಸಿಬಲ್ ನಾದದಷ್ಟೇ ಜೋರಾಗಿ 50 ಹರ್ಟ್ಸ್‌ನ ನಾದ ಕೇಳಬೇಕಾದರೆ ಅದಕ್ಕೆ ಇನ್ನೂ ಮೂವತ್ತಕ್ಕಿಂತ ಹೆಚ್ಚು ಡೆಸಿಬಲ್ ಬೇಕು. ಜೋರು ಏರಿದಂತೆ ಈ ಅಂತರ ಕುಗ್ಗುತ್ತದೆ. ಹೀಗಾಗಿ ರಾತ್ರಿ ಮನೆಯವರು ಮಲಗಿದ ಮೇಲೆ ಪಿಸುದನಿಯಲ್ಲಿ ಮಾಡಿದ ಮಿಕ್ಸಿನಲ್ಲಿ ಬೇಸ್ ವಿಪರೀತ, ಕಿವಿಗಡಚಿಕ್ಕುವಷ್ಟು ಜೋರಾಗಿ ಮಾಡಿದ್ದರಲ್ಲಿ ಬೇಸ್ ಸೊರಗು. ಇಬ್ಬರು ಮಾತಾಡಿದರೆ ಕೇಳುವಷ್ಟು ಜೋರಿನಲ್ಲಿ ಇಟ್ಟು, ಆ ಗುಂಡಿಯನ್ನು ಕೆಲಸ ಮುಗಿಯುವ ತನಕ ಮುಟ್ಟದೆ ಇರುವುದು ಕ್ಷೇಮ.

ಫೇಡರ್ ಮೊದಲು, ಫೇಸ್ ಆಮೇಲೆ

ಈಕ್ಯೂ ತೆರೆಯುವ ಮುಂಚೆ ಫೇಡರ್‌ಗಳಲ್ಲೇ ಎಷ್ಟು ಸಾಧ್ಯವೋ ಅಷ್ಟು ಸರಿಮಾಡಬೇಕು. ಒಂದು ಹಳೆಯ ಉಪಾಯ ಇಲ್ಲಿ ಕೆಲಸಕ್ಕೆ ಬರುತ್ತದೆ. ವಿಯು ಮೀಟರ್ ಹಾಕಿಕೊಂಡು ಕಿಕ್ ಒಂದನ್ನೇ ನುಡಿಸಿ, ಮುಳ್ಳು ಸೊನ್ನೆಗಿಂತ 3 ಡೆಸಿಬಲ್ ಕೆಳಗೆ ನಿಲ್ಲುವಂತೆ ಫೇಡರ್ ಇಡಿ. ಆಮೇಲೆ ಬೇಸ್ ಸೇರಿಸಿ, ಮುಳ್ಳು ಸೊನ್ನೆ ಮುಟ್ಟುವ ತನಕ ಏರಿಸಿ. ಸಂಬಂಧವಿಲ್ಲದ ಎರಡು ಸಮಬಲದ ಶಬ್ದಗಳು ಸೇರಿದರೆ ಒಟ್ಟು ಶಕ್ತಿ ಇಮ್ಮಡಿಯಾಗಿ ಮೀಟರ್ ಸುಮಾರು 3 ಡೆಸಿಬಲ್ ಏರುತ್ತದೆ. ಅದೇ ಇಲ್ಲಿನ ಲೆಕ್ಕ. ಇದು ಕೆಲಸ ಶುರುಮಾಡುವ ಜಾಗ ಮಾತ್ರ. ಇಲ್ಲಿಂದ ಮುಂದೆ ಕಿವಿ ಹೇಳಿದ ಹಾಗೆ.

ಎರಡನೆಯದು ಫೇಸ್, ಅಂದರೆ ಎರಡು ಟ್ರ್ಯಾಕುಗಳ ಅಲೆಗಳ ಏರಿಳಿತ ಒಂದಕ್ಕೊಂದು ಹೊಂದುವುದು. ಸ್ನೇರ್ ಡ್ರಮ್ಮಿಗೆ ಮೇಲೊಂದು, ಕೆಳಗೊಂದು ಮೈಕ್ ಇಟ್ಟಿದ್ದರೆ ಕೋಲು ಬಿದ್ದಾಗ ಮೇಲಿನ ಹೊದಿಕೆ ಮೈಕಿನಿಂದ ದೂರ ಸರಿಯುತ್ತದೆ, ಕೆಳಗಿನದು ತನ್ನ ಮೈಕಿನ ಕಡೆಗೆ ಬರುತ್ತದೆ. ಎರಡು ಟ್ರ್ಯಾಕುಗಳ ಅಲೆ ಒಂದಕ್ಕೊಂದು ತಿರುಗುಮುರುಗಾಗಿ ಸ್ನೇರ್ ತೆಳುವಾಗುತ್ತದೆ. ಒಂದರ ಪೋಲಾರಿಟಿ ತಿರುಗಿಸಿದರೆ ಹೊಟ್ಟೆ ಮರಳಿ ಬರುತ್ತದೆ. ಬೇಸನ್ನು ಡಿಐ ಡಬ್ಬಿಯಿಂದ ನೇರವಾಗಿಯೂ, ಆಂಪ್ಲಿಫೈಯರ್ ಮುಂದಿನ ಮೈಕಿನಿಂದಲೂ ಎರಡು ಟ್ರ್ಯಾಕಾಗಿ ತೆಗೆದುಕೊಂಡಿದ್ದರೆ ಮೈಕಿನದು ತಡವಾಗಿ ಬಂದಿರುತ್ತದೆ. ಮೈಕ್ ಒಂದು ಮೀಟರ್ ದೂರವಿದ್ದರೆ ಸುಮಾರು 3 ಮಿಲಿಸೆಕೆಂಡ್ ತಡ, ಎರಡನ್ನೂ ಕೂಡಿಸಿದಾಗ 170 ಹರ್ಟ್ಸ್ ಆಸುಪಾಸಿನ ನಾದ ಒಂದನ್ನೊಂದು ಕೊಂದುಕೊಳ್ಳುತ್ತದೆ. ಬೇಸಿನ ಮೈ ಇರುವುದೇ ಆ ಜಾಗದಲ್ಲಿ. ಹಾಗೆ ಹೋದದ್ದನ್ನು ಈಕ್ಯೂ ತಂದುಕೊಡಲಾರದು. ತೆರೆಯ ಮೇಲೆ ಅಲೆಗಳನ್ನು ದೊಡ್ಡದು ಮಾಡಿ ನೋಡಿ, ತಡವಾದ ಟ್ರ್ಯಾಕನ್ನು ಎಳೆದು ಸೇರಿಸಿದರೆ ಸಾಕು.

ಗುಂಡಿಗಳ ಪರಿಚಯ

ಈಕ್ಯೂ ಅಂದರೆ ಆಯ್ದ ಆವರ್ತನಗಳನ್ನಷ್ಟೇ ಏರಿಸುವ, ಇಳಿಸುವ ಸಾಧನ. ಇದರ ಮೊದಲ ಕೆಲಸ ಟೆಲಿಫೋನ್ ತಂತಿಗಳಲ್ಲಿ, ದೂರ ಹೋದಂತೆ ಸೊರಗುವ ಮೇಲಿನ ಆವರ್ತನಗಳನ್ನು ಸಮಕ್ಕೆ ತರುವುದು. ಇವತ್ತು ಪ್ಲಗ್‌ಇನ್‌ನಲ್ಲಿ ಕಾಣುವ, ಆವರ್ತನ, ಅಳತೆ, ಅಗಲ ಮೂರನ್ನೂ ಬೇರೆ ಬೇರೆಯಾಗಿ ತಿರುಗಿಸಬಹುದಾದ ಪ್ಯಾರಾಮೆಟ್ರಿಕ್ ಈಕ್ಯೂವನ್ನು ಜಾರ್ಜ್ ಮ್ಯಾಸೆನ್‌ಬರ್ಗ್ 1972ರಲ್ಲಿ ಅಮೆರಿಕದ ಆಡಿಯೋ ಎಂಜಿನಿಯರುಗಳ ಸಮ್ಮೇಳನದಲ್ಲಿ ಪ್ರಬಂಧವಾಗಿ ಮಂಡಿಸಿದರು.

ಇಲ್ಲಿ ಬೇಕಾಗುವ ಆಕಾರಗಳು ಮೂರೇ. ಬೆಲ್ ಒಂದು ಆವರ್ತನದ ಸುತ್ತ ಗುಡ್ಡವನ್ನೋ ತಗ್ಗನ್ನೋ ಮಾಡುತ್ತದೆ. ಅದರ ಅಗಲ ಹೇಳುವ ಅಂಕೆ ಕ್ಯೂ, ಅದು ಹೆಚ್ಚಿದಷ್ಟೂ ಗುಡ್ಡ ಕಿರಿದು. ಶೆಲ್ಫ್ ಒಂದು ಆವರ್ತನದಿಂದ ಆಚೆಗಿನದನ್ನೆಲ್ಲ ಒಟ್ಟಿಗೆ ಏರಿಸುತ್ತದೆ ಅಥವಾ ಇಳಿಸುತ್ತದೆ. ಹೈ-ಪಾಸ್ ಕೆಳಗಿನದನ್ನು ಜಾರಿಸಿ ಬಿಡುತ್ತದೆ, ಮೇಲಿನದನ್ನು ಮಾತ್ರ ಒಳಗೆ ಬಿಡುತ್ತದೆ.

ಯಾವುದು ಕೆಳಗೆ?

ಈಗ ತೀರ್ಮಾನಕ್ಕೆ ಬರೋಣ. ಬೇಸ್ ನುಡಿಸಿರುವ ಸ್ವರಗಳನ್ನು ಒಮ್ಮೆ ಗಮನಿಸಿದರೆ ಅರ್ಧ ಉತ್ತರ ಅಲ್ಲೇ ಸಿಗುತ್ತದೆ.

ಇ ಮೈನರ್‌ನ ನಿಧಾನದ ಒಂದು ಹಾಡು ಎಂದಿಟ್ಟುಕೊಳ್ಳಿ. ಬೇಸ್ ಇ, ಜಿ, ಎ, ಬಿ ಸ್ವರಗಳನ್ನು ತಂತಿಗಳ ತಳದಲ್ಲೇ ಎಳೆದೆಳೆದು ನುಡಿಸುತ್ತಿದೆ: 41, 49, 55, 62 ಹರ್ಟ್ಸ್. ಇಂಥಲ್ಲಿ ತಳ ಬೇಸಿನದು. ಕಿಕ್ ಅದರ ಮೇಲೆ ಕೂರಬೇಕು. ಕಿಕ್‌ಗೆ 40 ಹರ್ಟ್ಸ್ ಸುತ್ತ ಹೈ-ಪಾಸ್ ಹಾಕಿ, 80ರ ಬಳಿ ಎರಡು ಡೆಸಿಬಲ್ ಏರಿಸಿ. ಬೇಸಿನಲ್ಲಿ ಅದೇ 80ರ ಸುತ್ತ ಅಗಲವಾಗಿ, ಕ್ಯೂ ಒಂದರ ಹತ್ತಿರ ಇಟ್ಟು, ಎರಡು ಡೆಸಿಬಲ್ ಇಳಿಸಿ. ಪಕ್ಕದ ಎರಡು ಹೊಲಗಳ ನಡುವೆ ಬದು ಹಾಕುವ ಕೆಲಸ ಇದು: ಒಬ್ಬರಿಗೆ ಕೊಟ್ಟದ್ದನ್ನು ಇನ್ನೊಬ್ಬರಿಂದ ತೆಗೆದುಕೊಂಡಿರಬೇಕು. ಇಬ್ಬರಿಗೂ ಕೊಡುತ್ತೇನೆಂದರೆ ಜಾಗ ಸಾಲದು.

ಇನ್ನೊಂದು ಹಾಡು ಕುಣಿಯುವಂಥದ್ದು. ಕಿಕ್ ತಾಳದ ಪ್ರತಿ ಏಟಿಗೂ ಬೀಳುತ್ತದೆ, ಬೇಸ್ ಡಿ ಮತ್ತು ಜಿ ತಂತಿಗಳ ಮೇಲೆ 73ರಿಂದ 150ರ ನಡುವೆ ಚುರುಕಾಗಿ ಓಡಾಡುತ್ತದೆ. ಇಲ್ಲಿ ತಳವನ್ನು ಕಿಕ್‌ಗೆ ಬಿಟ್ಟುಕೊಡಿ. 50ರಿಂದ 60ರ ನಡುವೆ ಕಿಕ್‌ನ ಮೂಲ ಎಲ್ಲಿದೆಯೋ ಹುಡುಕಿ ಅಲ್ಲಿ ಎರಡು ಮೂರು ಡೆಸಿಬಲ್ ಕೊಡಿ, 110ರ ಸುತ್ತ ಅದರಿಂದ ಅಷ್ಟೇ ತೆಗೆಯಿರಿ. ಬೇಸಿಗೆ 45ರ ಬಳಿ ಮೆಲ್ಲಗಿನ ಇಳಿಜಾರಿನ ಹೈ-ಪಾಸ್, 110ರ ಸುತ್ತ ಅಗಲವಾದ ಸಣ್ಣ ಏರಿಕೆ. ಅಪರೂಪಕ್ಕೆ ಬೇಸ್ 41ಕ್ಕೆ ಇಳಿದರೆ ಸ್ವರ ಕಳೆದುಹೋಗುತ್ತದೆಂಬ ಭಯ ಬೇಡ. 82, 123 ಉಳಿದಿರುತ್ತವೆ, ಕಿವಿ ಉಳಿದದ್ದನ್ನು ತುಂಬಿಕೊಳ್ಳುತ್ತದೆ.

ಕಿಕ್‌ನ ತಳಕ್ಕೆ 1950ರ ದಶಕದ ಪುಲ್ಟೆಕ್ ಈಕ್ಯೂ ಹೆಸರು ಪದೇಪದೇ ಕೇಳಿಬರುವುದಕ್ಕೆ ಕಾರಣವಿದೆ. ಅದರಲ್ಲಿ ಒಂದೇ ಆವರ್ತನವನ್ನು ಏರಿಸಲು ಒಂದು ಗುಂಡಿ, ಇಳಿಸಲು ಇನ್ನೊಂದು. ಎರಡನ್ನೂ ಒಟ್ಟಿಗೆ ತಿರುಗಿಸಿದರೆ ಒಂದನ್ನೊಂದು ರದ್ದು ಮಾಡಬೇಕು ಅನಿಸುತ್ತದೆ, ಆದರೆ ಎರಡರ ವಕ್ರರೇಖೆಗಳು ತಾಳೆಯಾಗದ ಕಾರಣ ತಳ ಏರುತ್ತದೆ, ಅದರ ಸ್ವಲ್ಪ ಮೇಲೆ ತಗ್ಗು ಬೀಳುತ್ತದೆ. ಕಿಕ್‌ಗೆ ಬೇಕಾದದ್ದೂ ಅದೇ. ಈ ಯಂತ್ರದ ನಕಲು ಪ್ಲಗ್‌ಇನ್‌ಗಳು ಬೇಕಾದಷ್ಟಿವೆ. ಅವಿಲ್ಲದಿದ್ದರೆ 60ರಲ್ಲೊಂದು ಏರಿಕೆ, 200ರ ಸುತ್ತ ಒಂದು ಇಳಿಕೆ ಹಾಕಿದರೆ ಸಾದಾ ಈಕ್ಯೂವಿನಲ್ಲೂ ಹತ್ತಿರ ಹತ್ತಿರ ಅದೇ ಬರುತ್ತದೆ.

ಸ್ಯಾಂಪಲ್ ಬಳಸುವವರಿಗೆ ಇನ್ನೊಂದು ಸೌಲಭ್ಯವಿದೆ. ಬೇಸ್ 55ರಲ್ಲಿ, ಕಿಕ್ 58ರಲ್ಲಿ ಇದ್ದರೆ ಎರಡೂ ಸೇರಿದಾಗ ಒಂದು ಏಟು ದಪ್ಪ, ಇನ್ನೊಂದು ತೆಳು ಕೇಳುತ್ತದೆ. ಎರಡೂ ಅಲೆಗಳು ಪ್ರತಿ ಸಲ ಬೇರೆ ಬೇರೆ ಸ್ಥಿತಿಯಲ್ಲಿ ಎದುರಾಗುವುದೇ ಇದಕ್ಕೆ ಕಾರಣ. ಕಿಕ್‌ನ ಶ್ರುತಿಯನ್ನೇ ಅರ್ಧ ಸ್ವರ, ಒಂದು ಸ್ವರ ಏರಿಸಿ ಇಳಿಸಿ ನೋಡಿ, ಅಥವಾ ಅದರ ಬಾಲ ಕತ್ತರಿಸಿ. ಈಕ್ಯೂ ಮುಟ್ಟುವ ಅಗತ್ಯವೇ ಬೀಳದಿರಬಹುದು.

30 ಹರ್ಟ್ಸ್‌ನ ಕೆಳಗೆ ಎರಡರಲ್ಲೂ ಏನೂ ಉಳಿಸಿಕೊಳ್ಳಬೇಕಾಗಿಲ್ಲ. ಅಲ್ಲಿರುವುದು ಮೈಕ್ ಸ್ಟ್ಯಾಂಡಿನ ನಡುಕ, ಕಾಲಿನ ಸಪ್ಪಳ, ಬೀದಿಯ ಲಾರಿ. ಕೇಳದಿದ್ದರೂ ಮೀಟರಿನಲ್ಲಿ ಜಾಗ ತಿನ್ನುತ್ತದೆ, ಜೋರಾದದ್ದನ್ನು ತಾನೇ ತಗ್ಗಿಸುವ ಕಂಪ್ರೆಸರನ್ನು ಸುಮ್ಮನೆ ಕೆಣಕುತ್ತದೆ.

ಮಧ್ಯದ ಮಬ್ಬು, ಮೇಲಿನ ಗುರುತು

200ರಿಂದ 500ರವರೆಗಿನ ಪ್ರದೇಶದಲ್ಲಿ ಕಿಕ್, ಬೇಸ್, ಗಿಟಾರ್, ಕೀಬೋರ್ಡ್, ಗಂಡು ದನಿ ಎಲ್ಲರಿಗೂ ಪಾಲಿದೆ. ಅಲ್ಲಿಂದ ಹೊರಡಬೇಕಾದ ಮೊದಲನೆಯದು ಕಿಕ್. 300–400ರ ಸುತ್ತ ಅದು ರಟ್ಟಿನ ಡಬ್ಬಿ ಬಡಿದ ಸದ್ದು ಮಾಡುತ್ತದೆ, ನಾಲ್ಕೈದು ಡೆಸಿಬಲ್ ತೆಗೆದರೂ ಯಾರಿಗೂ ನಷ್ಟವಿಲ್ಲ. ಬೇಸಿನ ವಿಷಯದಲ್ಲಿ ಕೈ ಬಿಗಿಹಿಡಿಯಬೇಕು. 250ರ ಬಳಿ ಅತಿಯಾಗಿ ಕೆತ್ತಿದರೆ ಸೋಲೋದಲ್ಲಿ ಸ್ಪಷ್ಟವಾಗುತ್ತದೆ, ಆದರೆ ಫೋನಿನಿಂದ ಪೂರ್ತಿ ಮಾಯವಾಗುತ್ತದೆ. ಫೋನಿನ ಪುಟಾಣಿ ಸ್ಪೀಕರ್ 200 ಹರ್ಟ್ಸ್‌ನ ಕೆಳಗೆ ಹೇಳಿಕೊಳ್ಳುವಂಥದ್ದೇನನ್ನೂ ಕೊಡುವುದಿಲ್ಲ. ಅಲ್ಲಿ ಬೇಸ್ ಬದುಕುವುದು ಅದರ ಮೇಲಿನ ಮೆಟ್ಟಿಲುಗಳಿಂದ.

ಆದ್ದರಿಂದ ಬೇಸಿಗೆ 700ರಿಂದ 1,000 ಹರ್ಟ್ಸ್ ನಡುವೆ ಒಂದೆರಡು ಡೆಸಿಬಲ್ ಕೊಟ್ಟು ನೋಡಿ. ಸ್ವರಗಳು ಬಿಡಿಬಿಡಿಯಾಗಿ ಕೇಳತೊಡಗುತ್ತವೆ. ಮೃದುವಾದ ತಂತಿಯಾಗಿದ್ದು ಅಲ್ಲಿ ಏರಿಸಲು ಏನೂ ಇಲ್ಲದಿದ್ದರೆ ಸ್ವಲ್ಪ ಸ್ಯಾಚುರೇಷನ್ ಹಾಕಬೇಕು. ಈಕ್ಯೂ ಇರುವುದನ್ನು ಮಾತ್ರ ಏರಿಸಬಲ್ಲದು, ಸ್ಯಾಚುರೇಷನ್ ಹೊಸ ಮೆಟ್ಟಿಲುಗಳನ್ನು ಹುಟ್ಟಿಸುತ್ತದೆ. ಕಿಕ್‌ನ ಬಡಿಗೆ ಹೊದಿಕೆಗೆ ತಾಗುವ 'ಟಕ್' 2,500ರಿಂದ 4,000ದ ನಡುವೆ. ತಳದಲ್ಲಿ ಕಿಕ್ ಕೇಳುತ್ತಿಲ್ಲ ಅನ್ನುವಾಗ ನಿಜಕ್ಕೂ ಬೇಕಾಗಿರುವುದು ಎಷ್ಟೋ ಸಲ ಈ ಟಕ್. ಬೇಸಿನಲ್ಲಿ ಬೆರಳು ತಂತಿ ಕೆರೆಯುವ ಸದ್ದೂ ಇಲ್ಲೇ ಇರುವುದರಿಂದ ಒಂದಕ್ಕೆ ಕೊಟ್ಟರೆ ಇನ್ನೊಂದರಿಂದ ತೆಗೆಯುವ ನಿಯಮ ಇಲ್ಲಿಗೂ ಸಲ್ಲುತ್ತದೆ.

ಕಿರಿದಾದ ಬೆಲ್ಲನ್ನು ಹತ್ತು ಡೆಸಿಬಲ್ ಏರಿಸಿ ಆಚೀಚೆ ಎಳೆದಾಡುತ್ತಾ ಕೆಟ್ಟದ್ದು ಕೇಳಿದಲ್ಲಿ ಕತ್ತರಿಸಿ ಎಂಬ ಸಲಹೆ ಎಲ್ಲೆಡೆ ಸಿಗುತ್ತದೆ. ನನಗದು ಒಪ್ಪಿಗೆಯಿಲ್ಲ. ಹತ್ತು ಡೆಸಿಬಲ್ ಏರಿಸಿದರೆ ಯಾವ ಆವರ್ತನವಾದರೂ ಕೆಟ್ಟದಾಗಿಯೇ ಕೇಳುತ್ತದೆ. ಹಾಗೆ ಹೊರಟವರು ಏಳೆಂಟು ಗುಂಡಿ ತೋಡಿ ಡ್ರಮ್ಮನ್ನು ಜೊಳ್ಳು ಮಾಡಿರುತ್ತಾರೆ. ಮೊದಲು ಏನು ತೊಂದರೆ ಎಂದು ಬಾಯಿಬಿಟ್ಟು ಹೇಳಿಕೊಳ್ಳಿ: ಗುಂಯ್‌ಗುಡುತ್ತಿದೆಯೇ, ಡಬ್ಬಿಯಂತಿದೆಯೇ, ಚುಚ್ಚುತ್ತಿದೆಯೇ. ಹೆಸರಿಟ್ಟ ಮೇಲೆ ಹುಡುಕಬೇಕಾದ ಜಾಗ ಕಿರಿದಾಗುತ್ತದೆ. ಸೋಲೋ ಗುಂಡಿಯ ಮೇಲೂ ನನಗೆ ಅಷ್ಟೇ ಅನುಮಾನ. ಗೊರಗೊರ ಸದ್ದು ಎಲ್ಲಿಂದ ಬರುತ್ತಿದೆ ಎಂದು ಪತ್ತೆ ಹಚ್ಚಲು ಅದು ಸರಿ, ಕೇಳುಗರು ಮಾತ್ರ ಕಿಕ್ಕನ್ನು ಒಂಟಿಯಾಗಿ ಎಂದೂ ಕೇಳುವುದಿಲ್ಲ.

ಉಳಿದ ಡ್ರಮ್ಮುಗಳದ್ದು ಚಿಕ್ಕ ಮಾತು. ಸ್ನೇರಿನ ಹೊಟ್ಟೆ 200ರ ಸುತ್ತ, ಛಟ್ ಅನ್ನುವ ಏಟು 2,000ದಿಂದ 5,000, ಕೆಳಗಿನ ಸರಿಗೆಗಳ ಸರಸರ ಇನ್ನೂ ಮೇಲೆ. ಒಂದೇ ಸ್ವರದಲ್ಲಿ ಗುನುಗುವ ಸ್ನೇರಿಗೆ ಮಾತ್ರ ಕಿರಿದಾದ ಕತ್ತರಿ ಬೇಕು. ಹೈ-ಹ್ಯಾಟಿಗೆ 300ರಲ್ಲಿ ಹೈ-ಪಾಸ್. ಟಾಮ್‌ಗಳ ಮೈಕನ್ನು ಅವು ನುಡಿಯದ ಹೊತ್ತಿನಲ್ಲಿ ಮುಚ್ಚಿ, ಇಲ್ಲವಾದರೆ ಬೇಸ್ ನುಡಿದಾಗಲೆಲ್ಲ ಅವೂ ಗುಂಯ್ ಎನ್ನುತ್ತವೆ. ಮೇಲಿನ ಎರಡು ಓವರ್‌ಹೆಡ್ ಮೈಕುಗಳಲ್ಲಿ ಡ್ರಮ್ಮಿನ ಇಡೀ ಚಿತ್ರವೇ ಇದ್ದರೆ ಅವನ್ನು 500ರವರೆಗೆ ಬೋಳಿಸುವುದು ದಂಡ, 100ರ ಸುತ್ತ ನಿಲ್ಲಿಸಿ.

ಡಗ್ಗಾ, ಡೊಳ್ಳು, ತಮಟೆ ಬಂದಾಗ

ಕನ್ನಡದ ಹಾಡುಗಳಲ್ಲಿ ಕಿಕ್ ಒಂದೇ ಇರುವುದು ಕಡಿಮೆ. ತಬಲಾದ ಡಗ್ಗಾ ಬೇಸಿನ ಜಾಗಕ್ಕೇ ಬರುತ್ತದೆ, ಮೇಲಾಗಿ ನಿಂತಲ್ಲಿ ನಿಲ್ಲುವುದಿಲ್ಲ. ಅಂಗೈಯ ಬುಡ ಒತ್ತಿ ಜಾರಿಸಿದಾಗ ಅದರ ಆವರ್ತನವೂ ಜಾರುತ್ತದೆ. ಆ ಜಾರು ಕೇಳಿಸುವುದೇ ಡಗ್ಗಾದ ಸೊಗಸಾದ್ದರಿಂದ ಅದರ ಮೇಲೆ ಕಿರಿದಾದ ಈಕ್ಯೂ ಹಾಕಬಾರದು. ಬೇಸಿನಲ್ಲಿ 80ರಿಂದ 150ರವರೆಗೆ ಅಗಲವಾಗಿ ಎರಡು ಡೆಸಿಬಲ್ ಇಳಿಸಿ ದಾರಿ ಬಿಡುವುದು ವಾಸಿ. ತಮಟೆ ಬೆಂಕಿಗೆ ಹಿಡಿದು ಕಾಯಿಸಿ ಬಿಗಿ ಮಾಡುವ ವಾದ್ಯ, ಅದರ ಬಲವೆಲ್ಲ ಮೇಲಿನ ಚಟಪಟದಲ್ಲಿ. ಅದಕ್ಕೆ ಹೈ-ಪಾಸ್ ಧಾರಾಳವಾಗಿ ಹಾಕಬಹುದು, ಬೇಸಿನ ಜೊತೆ ಅದಕ್ಕೆ ಜಗಳವಿಲ್ಲ.

ಡೊಳ್ಳಿನ ತಂಡ ಬೇರೆಯೇ ಕತೆ. ಹತ್ತು ಜನ ಒಟ್ಟಿಗೆ ಬಡಿದಾಗ ಎಲ್ಲರ ಏಟೂ ಒಂದೇ ಕ್ಷಣದಲ್ಲಿ ಬೀಳುವುದಿಲ್ಲ, ಮಿಲಿಸೆಕೆಂಡುಗಳ ಅಂತರದಲ್ಲಿ ಹರಡಿಕೊಳ್ಳುತ್ತದೆ. ಹಾಗಾಗಿ ತಳದ ಧಬ್ ಕಿಕ್‌ಗಿಂತ ಉದ್ದ. ಅದರ ಮೇಲೆ ಕಿಕ್, ಬೇಸ್ ಎರಡನ್ನೂ ಇಟ್ಟು ಈಕ್ಯೂವಿನಿಂದ ಬಿಡಿಸುತ್ತೇನೆಂದು ಹೊರಡುವುದಕ್ಕಿಂತ ಆ ನಾಲ್ಕಾರು ಸಾಲುಗಳಲ್ಲಿ ಕಿಕ್ ತೆಗೆದು, ಬೇಸನ್ನು ಒಂದು ಸ್ಥಾಯಿ ಮೇಲೆ ನುಡಿಸುವುದು ಒಳ್ಳೆಯದು. ಇದು ಮಿಕ್ಸ್ ಮಾಡುವವರಿಗಿಂತ ಸಂಗೀತ ಸಂಯೋಜಿಸುವವರು ಕೇಳಬೇಕಾದ ಮಾತು.

ಈಕ್ಯೂ ಸಾಲದಾದಾಗ

ಕಿಕ್ಕೂ ಬೇಸೂ ಒಂದೇ ಕ್ಷಣದಲ್ಲಿ ಬಿದ್ದಾಗ ಮಾತ್ರ ಜಗಳ, ಉಳಿದಂತೆ ಬೇಸ್ ಚೆನ್ನಾಗಿದೆ ಎನ್ನುವ ಹಾಡಿನಲ್ಲಿ ಇಡೀ ಹಾಡಿಗೂ ಬೇಸಿನ ತಳ ಕತ್ತರಿಸುವುದು ಅನ್ಯಾಯ. ಅಲ್ಲಿ ಸೈಡ್‌ಚೈನ್ ಬೇಕು: ಬೇಸಿನ ಮೇಲಿನ ಕಂಪ್ರೆಸರ್ ಕಿಕ್ಕನ್ನು ಕೇಳಿಸಿಕೊಂಡು, ಕಿಕ್ ಬಿದ್ದ ಕ್ಷಣ ಬೇಸನ್ನು ಎರಡು ಮೂರು ಡೆಸಿಬಲ್ ತಗ್ಗಿಸಿ ತಕ್ಷಣ ಬಿಟ್ಟುಬಿಡುತ್ತದೆ. ಡೈನಾಮಿಕ್ ಈಕ್ಯೂ ಇದ್ದರೆ 100 ಹರ್ಟ್ಸ್‌ನ ಕೆಳಗಿನದನ್ನು ಮಾತ್ರ ತಗ್ಗಿಸಿ, ಮೇಲಿನ ಸ್ವರ ಅಲುಗದಂತೆ ನೋಡಿಕೊಳ್ಳಬಹುದು. ಬೇಸಿನಲ್ಲಿ ಒಂದೇ ಸ್ವರ ಉಬ್ಬುತ್ತಿದ್ದರೂ ಇದೇ ಸಾಧನ; ಆ ಸ್ವರ ಬಂದಾಗಷ್ಟೇ ಇಳಿಯುವಂತೆ ಮಾಡಬಹುದು.

ಕೊನೆಯ ಪರೀಕ್ಷೆಗೆ ಒಂದೇ ಷರತ್ತು: ಈಕ್ಯೂ ಹಾಕಿದ್ದನ್ನೂ ಹಾಕದ್ದನ್ನೂ ಸಮ ಜೋರಿನಲ್ಲಿ ಹೋಲಿಸಬೇಕು. ಎರಡರಲ್ಲಿ ಜೋರಾಗಿರುವುದು ಕಿವಿಗೆ ಯಾವಾಗಲೂ ಒಳ್ಳೆಯದೆನಿಸುತ್ತದೆ. ಪ್ಲಗ್‌ಇನ್‌ನ ಔಟ್‌ಪುಟ್ ತಗ್ಗಿಸಿ ಸಮ ಮಾಡಿಕೊಂಡು, ಕಣ್ಣು ಮುಚ್ಚಿ ಬೈಪಾಸ್ ಒತ್ತುತ್ತಾ ಕೇಳಿ. ಎಷ್ಟೋ ಏರಿಕೆಗಳು ಆಗ ಬೇಡವೆನಿಸುತ್ತವೆ. ಆಮೇಲೆ ಮೋನೋ ಮಾಡಿ ಕೇಳಿ, ಸಣ್ಣ ದನಿಯಲ್ಲಿ ಕೇಳಿ, ನಿಮಗೆ ಚೆನ್ನಾಗಿ ಗೊತ್ತಿರುವ ಒಂದು ಹಾಡಿನ ಪಕ್ಕದಲ್ಲಿಟ್ಟು ಕೇಳಿ, ಫೋನಿನಲ್ಲಿ, ಕಾರಿನಲ್ಲಿ ಕೇಳಿ. ಎಲ್ಲ ಕಡೆಯೂ ಒಂದೇ ದೂರು ಬಂದರೆ ಸರಿಪಡಿಸಿ. ಒಂದು ಕಡೆ ಮಾತ್ರ ಬಂದರೆ ಅದು ಆ ಸ್ಪೀಕರಿನ ಗುಣ, ಬಿಟ್ಟುಬಿಡಿ.

ಡೆಟ್ರಾಯ್ಟಿನ ಮೋಟೌನ್ ಕಂಪನಿಯ ಹಾಡುಗಳಿಗೆ ಬೇಸ್ ನುಡಿಸಿದ ಜೇಮ್ಸ್ ಜೇಮರ್ಸನ್, ತಂತಿ ಕಡಿದಾಗಲಷ್ಟೇ ಬದಲಿಸುತ್ತಿದ್ದರೆಂಬುದು ಪ್ರಸಿದ್ಧ. ಆ ಮಂಕು ತಂತಿಯ ನಾದವನ್ನು ಹೆಚ್ಚಾಗಿ ನೇರವಾಗಿ ಕನ್ಸೋಲಿಗೆ ಕೊಟ್ಟು ರೆಕಾರ್ಡ್ ಮಾಡಿದ ಹಾಡುಗಳಲ್ಲಿ ಬೇಸ್ ಇವತ್ತಿಗೂ ಎದ್ದು ಕೇಳುತ್ತದೆ, ಏಕೆಂದರೆ ಪ್ರತಿ ಸ್ವರ ಎಷ್ಟು ಹೊತ್ತು ನಿಲ್ಲಬೇಕು, ಎಲ್ಲಿ ಸುಮ್ಮನಾಗಬೇಕು ಎಂಬ ಲೆಕ್ಕ ಅವರ ಬೆರಳಿನಲ್ಲೇ ಇತ್ತು. ನಿಮ್ಮ ಕಿಕ್‌ಗೋ ಬೇಸಿಗೋ ಒಂದೇ ಜಾಗದಲ್ಲಿ ಎಂಟು ಹತ್ತು ಡೆಸಿಬಲ್ ಬೇಕೆನಿಸುತ್ತಿದ್ದರೆ ತೊಂದರೆ ರೆಕಾರ್ಡಿಂಗಿನಲ್ಲಿದೆ, ಈಕ್ಯೂ ಮುಚ್ಚಿಡಿ. ಮೈಕ್ ಒಂದೆರಡು ಇಂಚು ಸರಿಸಿ, ಬೇರೆ ಸ್ಯಾಂಪಲ್ ಹಾಕಿ, ಇಲ್ಲವೇ ಬೇಸಿನ ಆ ಭಾಗವನ್ನು ಚಿಕ್ಕ ಚಿಕ್ಕ ಸ್ವರಗಳಲ್ಲಿ ಇನ್ನೊಮ್ಮೆ ನುಡಿಸಿ. ರೆಕಾರ್ಡಿಂಗ್ ದಿನ ಬೇಸ್ ನುಡಿಸಿದವರು ಗಿಟಾರ್ ಚೀಲಕ್ಕೆ ಹಾಕಿಕೊಂಡು ಹೊರಡುವ ಮುಂಚೆಯೇ, ಕಿಕ್ ಜೊತೆ ಸೇರಿಸಿ ಒಮ್ಮೆ ಪೂರ್ತಿ ಕೇಳಿಬಿಡಿ.